ಕಣಜ ಸಾಕಿದ ಸೊಸೆ

ಎಲ್ಲಿಂದಲೋ ಹಡಗು ಹತ್ತಿ ಬಂದ ಪೀಡೆ ಅದು, ಹಿಟ್ಟು ಮೆತ್ತಿಕೊಂಡಂಥ ಬಿಳಿ ಹುಳ. ಒರೆಸಿದರೆ ಹೋಯಿತೆನ್ನಿಸುತ್ತದೆ, ಬೆಳಗಾದರೆ ಮತ್ತೆ ಹಾಜರು! ಅತ್ತೆ ಕೈಯಾರೆ ನೆಟ್ಟ ಪಪ್ಪಾಯಿ ತೋಟವನ್ನೆಲ್ಲ ಮುತ್ತಿಕೊಂಡಿತ್ತು. ಔಷಧಿ ಹೊಡೆದದ್ದಾಯಿತು, ಸೋಪಿನ ನೀರು ಎರಚಿದ್ದಾಯಿತು, ಯಾವುದಕ್ಕೂ ಜಗ್ಗಲಿಲ್ಲ. ಮಗ ಕೊಡಲಿ ಮಸೆದಿಟ್ಟ. "ತಿಂಗಳ ಕೊನೆವರೆಗೆ ನೋಡ್ತೀನಮ್ಮ. ಆಮೇಲೆ ಒಂದು ಗಿಡಾನೂ ಬಿಡಲ್ಲ."

ಸೊಸೆಗೆ ಪೇಟೆಯ ಕೀಟ ಸಾಕುವ ಕೇಂದ್ರದಲ್ಲಿ ಕೆಲಸ. ಕುಂಬಳಕಾಯಿಯ ಮೇಲೆ ಇದೇ ಹುಳ ಬೆಳೆಸಿ, ಅದನ್ನು ಕೊಲ್ಲುವ, ಸಾಸಿವೆಗಿಂತ ಸಣ್ಣ ಕಣಜವನ್ನು ಸಾಕಬೇಕು. "ಹುಳ ಸಾಕೋದಕ್ಕೂ ಸಂಬಳ ಕೊಡ್ತಾರೇನೇ? ನಾವಿಲ್ಲಿ ಪುಕ್ಕಟೆ ಸಾಕ್ತಿದೀವಲ್ಲ!" ಎಂದು ಅತ್ತೆ ಮೊದಮೊದಲು ನಗುತ್ತಿದ್ದಳು. ಆಮೇಲೆ ಆ ನಗುವೂ ಬತ್ತಿತು. ಅಷ್ಟರಲ್ಲಿ ಕೇಂದ್ರದ ಕೋಣೆಗೆ ಇರುವೆ ನುಗ್ಗಿ ಸಾಕಿದ್ದನ್ನೆಲ್ಲ ನುಂಗಿ ನೀರು ಕುಡಿದವು. ಒಂದೇ ಒಂದು ಶೀಷೆ ಕಣಜ ಉಳಿಯಿತು. ಮೇಲಿನವರ ಕೈಕಾಲು ಹಿಡಿದು ಸೊಸೆ ಅದನ್ನು ತಂದು ತೋಟದಲ್ಲಿ ಬಿಟ್ಟಳು.

"ಇನ್ನು ಔಷಧಿ ಹೊಡೀಬೇಡಿ ಅತ್ತೆ. ಹುಳ ತಾನಾಗೇ ಸಾಯುತ್ತೆ," ಎಂದಳು. ಹೇಗೆ ಸಾಯುತ್ತದೆಂದು ಬಿಡಿಸಿ ಹೇಳಲಿಲ್ಲ. ದಿನಾ ಅದನ್ನೇ ನೋಡುವವಳಿಗೆ ಹೇಳಬೇಕೆಂದು ಹೊಳೆಯಲೂ ಇಲ್ಲ. ಕಲಿತವರ ಹಣೆಬರಹವೇ ಇಷ್ಟು, ಬಿಡಿ.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದಾಗ ತೋಟದಲ್ಲಿ ಹೊಗೆ.

"ಬಾ ಬಾ! ಹುಳಕ್ಕೇ ಏನೋ ರೋಗ ಬಡಿದಿತ್ತು ಕಣೇ," ಅತ್ತೆ ಉಬ್ಬಿಹೋಗಿದ್ದಳು. "ಕಂದು ಬಣ್ಣಕ್ಕೆ ತಿರುಗಿ, ಊದಿ, ಅಲ್ಲಲ್ಲೇ ಒಣಗಿದ್ವು. ಗಿಡಕ್ಕೂ ಅಂಟೀತು ಅಂತ ಆ ಎಲೆ ಎಲ್ಲ ಕಿತ್ತು ಸುಟ್ಟೆ. ಏಣಿ ಹತ್ತಿ ತುದಿವರೆಗೂ ನೋಡಿದೀನಿ, ಒಂದೂ ಬಿಟ್ಟಿಲ್ಲ!"

"ಅಯ್ಯೋ ಅತ್ತೆ... ಕಣಜ ಮೊಟ್ಟೆ ಇಡೋದೇ ಆ ಹುಳದ ಹೊಟ್ಟೇಲಿ. ಊದಿದೆ ಅಂದ್ರೆ ಒಳಗೆ ಮರಿ ಇದೆ ಅಂತ. ಇವತ್ತೋ ನಾಳೆಯೋ ಹೊರಗೆ ಬರ್ತಿದ್ವು."

ಅತ್ತೆ ಬಿಳಿಚಿಕೊಂಡಳು. "ಇನ್ನೊಂದು ಶೀಷೆ ತಂದುಬಿಡೇ."

"ಎಲ್ಲಿಂದ ತರಲಿ? ಅದೇ ಕೊನೇದು."

ಮುದುಕಿ ಬೂದಿಗುಡ್ಡೆಯ ಮುಂದೆ ಕುಕ್ಕರಿಸಿ ಬರಿಗೈ ಹಾಕಿದಳು. ಸೀದ ಎಲೆಯೊಂದನ್ನು ಎಳೆದು ಚಾಚಿದಳು. "ಇದ್ರಲ್ಲಿದ್ಯಾ ನೋಡು." ಸೊಸೆ ಚೀಲದಿಂದ ಭೂತಗನ್ನಡಿ ತೆಗೆದು ಹಿಡಿದಳು. ಇಲ್ಲ. "ಇದ್ರಲ್ಲಿ?" ಅದರಲ್ಲೂ ಇಲ್ಲ.

"ಕೈ ಸುಡುತ್ತೆ, ಬಿಡಿ ಅತ್ತೆ."

"ಸುಟ್ಟುಹೋಗ್ಲಿ ಈ ಪಾಪಿ ಕೈ! ಇದ್ರಲ್ಲಿ ನೋಡೇ."

ಅತ್ತೆಯ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಸೊಸೆ ಮತ್ತೆ ಭೂತಗನ್ನಡಿ ಹಿಡಿದಳು. ಅಂಚು ಕರಕಲಾದ ಆ ಎಲೆಯಲ್ಲಿ ಹುಳಗಳೆಲ್ಲ ಹುರಿದುಹೋಗಿದ್ದವು.

"ಇದೆ ಅತ್ತೆ. ಒಂದು ಇದೆ," ಎಂದಳು.

ಅತ್ತೆ ಆ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ, ಬಾವಿಯ ಪಕ್ಕದ ಗಿಡಕ್ಕೆ ದಾರದಿಂದ ಕಟ್ಟಿದಳು.

ತಿಂಗಳ ಕೊನೆಗೆ ಮಗ ಕೊಡಲಿ ಎತ್ತಿದ. ಸಾಲಿಗೆ ಸಾಲು ಉರುಳಿತು. ಬಾವಿಯ ಹತ್ತಿರ ಬಂದಾಗ ಮಾತ್ರ ಅತ್ತೆ ಅಡ್ಡ ನಿಂತಳು. "ಇದನ್ನ ಮುಟ್ಟಿದ್ರೆ ನನ್ನಾಣೆ. ಇದ್ರಲ್ಲಿ ಕಣಜ ಇದೆ. ಬೇಕಾದ್ರೆ ನಿನ್ನ ಹೆಂಡ್ತೀನ ಕೇಳು."

ಅವನು ಹೆಂಡತಿಯ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು.

ಆ ಗಿಡದಲ್ಲೀಗ ಹಸಿರೇ ಕಾಣದಷ್ಟು ಬಿಳಿ ಹುಳ. ಅದು ಪಕ್ಕದವರ ತೋಟಕ್ಕೂ ಹಬ್ಬುತ್ತದೆಂದು ಸೊಸೆಗೆ ಗೊತ್ತು. ಅತ್ತೆ ಭೂತಗನ್ನಡಿ ಹಿಡಿದು ಅದರ ಬುಡದಲ್ಲೇ ಕೂತಿರುತ್ತಾಳೆ.

"ಇವತ್ತು ಬರುತ್ತೇನೇ?"

"ನಾಳೆ ಬರುತ್ತೆ ಅತ್ತೆ."