ಸಂಜೆ ಚಹಾ ಹೊತ್ತಿಗೆ ಆರುವ ಬರ್ನರ್

ಕುಬಾತ್‌ನ ಮನೆಯ ಹೊಸ ಗ್ಯಾಸ್ ಬರ್ನರ್ ಹಗಲೆಲ್ಲ ಚೆನ್ನಾಗಿ ಉರಿಯುತ್ತಿತ್ತು. ಸಂಜೆ ಚಹಾ ಮುಗಿದ ಸ್ವಲ್ಪ ಹೊತ್ತಿಗೆ ತಾನಾಗಿ ಆರಿಹೋಗುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಆರುತ್ತಿತ್ತು. ಮರುದಿನ ಬೆಳಿಗ್ಗೆ ಏನೂ ಆಗದ ಹಾಗೆ ಹೊತ್ತಿಕೊಳ್ಳುತ್ತಿತ್ತು.

ತೋಕ್ಮೋಕ್ ಪಟ್ಟಣದ ಅಂಚಿನಲ್ಲಿರುವ ನಮ್ಮ ಬೀದಿಗೆ ಗ್ಯಾಸ್ ಕೊಳವೆ ಬಂದದ್ದು ಆ ವರ್ಷವೇ. ಅಲ್ಲಿಯವರೆಗೆ ಎಲ್ಲರ ಮನೆಗೂ ಕಲ್ಲಿದ್ದಲೇ ಗತಿ. ಕುಬಾತ್ ಹಳೆಯ ಇಟ್ಟಿಗೆ ಒಲೆಯನ್ನು ಕೆಡವಲಿಲ್ಲ. ಅದರ ಹೊಟ್ಟೆಯಲ್ಲೇ ಬರ್ನರ್ ಕೂರಿಸಿದರೆ ಆಯಿತು ಎಂದ ಪಕ್ಕದ ಮನೆಯ ವೆಲ್ಡರ್ ತೊಕ್ತೊಸುನ್, ಪೇಟೆಯಿಂದ ಬರ್ನರ್ ತಂದು ತಾನೇ ಜೋಡಿಸಿಕೊಟ್ಟ. ಪರವಾನಗಿ ಇರುವ ಕೆಲಸಗಾರರನ್ನು ಕರೆಯಲಿಲ್ಲ.

ಅವಸರಕ್ಕೆ ಕಾರಣವಿತ್ತು. ಕುಬಾತ್‌ನ ಹೆಂಡತಿ ಐಜಾನ್ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಹುಟ್ಟಿದ ಹೆಣ್ಣುಮಗುವಿನ ತೂಕ ಕಡಿಮೆ. ಕೋಣೆ ಹಗಲುರಾತ್ರಿ ಬೆಚ್ಚಗಿರಬೇಕು ಎಂದು ವೈದ್ಯರು ಹೇಳಿದ್ದರು. ಶುಕ್ರವಾರ ತಾಯಿ, ಮಗು ಮನೆಗೆ ಬರುವವರಿದ್ದರು. ಕುಬಾತ್‌ನ ತಾಯಿ ಜೂರಾಕಾನ್ ಮೊಮ್ಮಗಳ ತೊಟ್ಟಿಲನ್ನು ಆ ಒಲೆಯ ಪಕ್ಕದಲ್ಲೇ ಇಟ್ಟಾಗಿತ್ತು. ಬೀದಿಗೆಲ್ಲ ಆಕೆ 'ಅಪಾ'. ತೊಟ್ಟಿಲ ಶಾಸ್ತ್ರಕ್ಕೆ ಅರ್ಧ ಬೀದಿಯನ್ನು ಕರೆದೂ ಆಗಿತ್ತು.

"ಸಂಜೆ ಎಲ್ರೂ ಒಟ್ಟಿಗೆ ಹಚ್ತಾರೆ. ಒತ್ತಡ ಬೀಳುತ್ತೆ," ಎಂದ ಕುಬಾತ್.

"ಅಷ್ಟು ದೂರದಿಂದ ಕೊಳವೇಲಿ ಹರಿದು ಬರೋದು. ಸಂಜೆ ಹೊತ್ತಿಗೆ ಅದಕ್ಕೂ ಸುಸ್ತಾಗಲ್ವಾ?" ಎಂದರು ಅಪಾ.

ತೊಕ್ತೊಸುನ್ ಇಕ್ಕಳ ಹಿಡಿದು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. "ಒತ್ತಡಾನೂ ಅಲ್ಲ, ಸುಸ್ತೂ ಅಲ್ಲ. ಇದರ ಸೆನ್ಸರ್ ಬಲೇ ಪುಕ್ಕಲು. ಸುಮ್‌ಸುಮ್ನೆ ಹೆದರಿ ಗ್ಯಾಸ್ ನಿಲ್ಲಿಸ್ತಿದೆ. ಎರಡು ತಂತಿ ಸೇರಿಸಿ ಕಟ್ಟಿಬಿಡ್ತೀನಿ. ಆಮೇಲೆ ಅದರಪ್ಪ ಬಂದ್ರೂ ಆರಲ್ಲ."

ಅಷ್ಟರಲ್ಲಿ ಅನಿಪಾ ಒಳಗೆ ಬಂದಳು. ಅದೇ ಬೀದಿಯವಳು, ಗ್ಯಾಸ್ ಕಚೇರಿಯಿಂದ ಮನೆಮನೆಗೆ ಹೋಗಿ ತಪಾಸಣೆ ಮಾಡುವುದು ಅವಳ ಕೆಲಸ; ಈ ಬೀದಿಯ ಸರದಿ ಇನ್ನೂ ಬಂದಿರಲಿಲ್ಲ. ಚಹಾಕ್ಕೆ ಬಂದವಳು ಕೋಟನ್ನೂ ಬಿಚ್ಚದೆ ನಿಂತಳು.

"ತೊಕ್ತೊಸುನ್, ಇಕ್ಕಳ ಕೆಳಗಿಡು. ನಾಯಿ ಬೊಗಳಿದ್ರೆ ನಾಯಿ ಬಾಯಿ ಕಟ್ತೀಯಾ? ಬಂದಿದ್ದು ಯಾರು ಅಂತ ನೋಡಲ್ವಾ?"

"ನೋಡು ಮತ್ತೆ, ನೀನೇ ನೋಡು," ಎಂದ ತೊಕ್ತೊಸುನ್.

"ನಿಮ್ಮನೆ ಬರ್ನರ್ ಸಂಜೆ ಆರುತ್ತಾ?"

"ಇಲ್ಲ."

"ಎರಡು ಮನೆಗೂ ಒಂದೇ ಕೊಳವೆ ತಾನೇ? ಹಾಗಾದ್ರೆ ಒತ್ತಡ ಅಲ್ಲ. ಈಗ ಉರೀತಿದೆ. ಇರಲಿ, ನೋಡೋಣ. ಅಪಾ, ನೀವು ದಿನಾ ಸಂಜೆ ಏನೇನು ಮಾಡ್ತೀರೋ ಅದನ್ನೇ ಮಾಡಿ."

"ನಾನೇನು ಮಾಡ್ತೀನಿ? ಆ ಯಂತ್ರ ಮುಟ್ಟೋದೇ ಇಲ್ಲಪ್ಪ. ಕೂತ್ಕೋ, ಬೋರ್ಸೊಕ್ ಬಿಸಿ ಇದೆ," ಎಂದು ಅಪಾ ಕರಿದ ಹಿಟ್ಟಿನ ತುಂಡುಗಳನ್ನು ಮೇಜಿನ ತುಂಬ ಹರಡಿದರು.

ಚಹಾ ಆಯಿತು. ಅಪಾ ಖಾಲಿ ಕೆಟಲ್ ಎತ್ತಿಕೊಂಡು ಅಡುಗೆಮನೆಗೆ ಹೋದರು. ಬಟ್ಟಲು ತರುವ ನೆಪದಲ್ಲಿ ಅನಿಪಾ ಹಿಂದೆಯೇ ಹೋದಳು. ಒಲೆಯ ಬೆನ್ನು ಅಡುಗೆಮನೆಯ ಕಡೆಗಿತ್ತು. ಅಲ್ಲಿ ಒಣಗಲು ಹಾಕಿದ ಟವೆಲ್‌ಗಳ ಹಿಂದೆ ಕಬ್ಬಿಣ ಕರ್ ಎಂದಿತು.

"ಅಪಾ, ಈಗೇನು ಮಾಡಿದ್ರಿ?"

"ಕೆಟಲ್ ಇಟ್ಟೆ."

"ಅದು ಬಲಗೈ. ಎಡಗೈ?"

ಅಪಾ ತಮ್ಮ ಎಡಗೈ ನೋಡಿದರು. ಅದು ಇನ್ನೂ ಚಿಮಣಿಯ ಅಡ್ಡತಗಡಿನ ಹಿಡಿಯ ಮೇಲಿತ್ತು. ತಗಡು ಪೂರ್ತಿ ಒಳಗೆ ಹೋಗಿ ಹೊಗೆಯ ದಾರಿ ಮುಚ್ಚಿತ್ತು.

ಅನಿಪಾ ತಗಡನ್ನು ಹೊರಗೆಳೆದಳು. ಓಡಿ ಬಂದು ಬರ್ನರ್ ಆರಿಸಿದಳು. "ಕುಬಾತ್, ಕಿಟಕಿ!" ಕಿಟಕಿಯ ಸಂದುಗಳಿಗೆಲ್ಲ ಚಳಿಗೆಂದು ಕಾಗದ ಅಂಟಿಸಿದ್ದರು. ಕುಬಾತ್ ಅದನ್ನು ಪರಪರ ಹರಿದು ತೆಗೆಯಬೇಕಾಯಿತು.

ಅಪಾಗೆ ಸಿಟ್ಟು ಬಂತು. "ಮದುವೆಯಾಗಿ ಬಂದಾಗಿನಿಂದ ಸಂಜೆ ಈ ತಗಡು ಮುಚ್ಚಿ ಬೆಳಿಗ್ಗೆ ತೆಗೀತಿದ್ದೀನಿ. ಕೆಂಡದ ಮೇಲಿನ ನೀಲಿ ಉರಿ ಸತ್ತಮೇಲೇ ಮುಚ್ಚೋದು. ಬೇಗ ಮುಚ್ಚಿದ್ರೆ ಜನ ಸಾಯ್ತಾರೆ, ತಡ ಆದ್ರೆ ಕಾವು ಹೋಗುತ್ತೆ. ನನ್ನಷ್ಟು ಸರಿಯಾಗಿ ಮುಚ್ಚೋಳು ಈ ಬೀದೀಲಿ ಯಾರಿದ್ದಾರೆ, ತೋರಿಸು!"

"ಯಾರೂ ಇಲ್ಲ ಅಪಾ. ಆದ್ರೆ ಕಲ್ಲಿದ್ದಲು ಉರಿದು ಮುಗಿಯುತ್ತೆ. ನೀವು ಮುಗಿದಮೇಲೆ ಮುಚ್ತಿದ್ರಿ. ಗ್ಯಾಸ್ ಮುಗಿಯೋದೇ ಇಲ್ವಲ್ಲ. ಆರಿಸೋವರೆಗೂ ಉರೀತಾನೇ ಇರುತ್ತೆ. ಇದಕ್ಕೆ ಮುಚ್ಚೋ ಹೊತ್ತು ಅನ್ನೋದೇ ಇಲ್ಲ."

ಅಪಾ ಬಗ್ಗಿ ಒಲೆಯ ಬಾಯಿಯೊಳಗೆ ನೋಡಿದರು. ಆಮೇಲೆ ಕುತೂಹಲದಿಂದಲೇ ಕೇಳಿದರು: "ಇದಕ್ಕೆ ಹೊಗೆ ಎಲ್ಲಿದೆ? ಮಸಿ ಇಲ್ಲ, ಬೂದಿ ಇಲ್ಲ. ಗ್ಯಾಸ್ ಸೋರಿದ್ರೆ ಕೊಳೆತ ವಾಸನೆ ಬರುತ್ತೆ ಅಂತ ನೀನೇ ಹೇಳಿದ್ಯಲ್ಲ?"

"ಅದು ಉರಿಯದೆ ಸೋರಿದ ಗ್ಯಾಸ್. ಗೊತ್ತಾಗಲಿ ಅಂತ ಅದಕ್ಕೆ ವಾಸನೆ ಬೆರೆಸಿರ್ತಾರೆ. ಉರಿದಮೇಲೆ ಆ ವಾಸನೆ ಉಳಿಯಲ್ಲ. ಗಾಳಿ ಸಾಲದೆ, ಹೊಗೆಗೆ ದಾರಿ ಸಿಗದೆ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣಾನೂ ಇಲ್ಲ, ವಾಸನೆನೂ ಇಲ್ಲ. ಇಲ್ನೋಡಿ."

ಅವಳು ತೆಳುವಾದ ಕಾಗದದ ಪಟ್ಟಿಯನ್ನು ಒಲೆಯ ಬಾಯಿಯ ಹತ್ತಿರ ಹಿಡಿದಳು. ಬರ್ನರ್ ಆರಿದ್ದರೂ ಚಿಮಣಿ ಬಿಸಿಯಾಗಿತ್ತು. ಕಾಗದ ಒಳಕ್ಕೆ ಬಾಗಿತು. "ಈಗ ತಗಡು ತಳ್ಳಿ ಅಪಾ." ಅಪಾ ಅಡುಗೆಮನೆಯ ಬಾಗಿಲಿಗೆ ಹೋಗಿ, ಕಾಗದ ನೋಡುತ್ತಲೇ ಕೈ ಚಾಚಿ ತಳ್ಳಿದರು. ಕಾಗದ ಜೋತುಬಿತ್ತು. ಅವರು ತಗಡನ್ನು ಎಳೆದು ನೋಡಿದರು, ತಳ್ಳಿ ನೋಡಿದರು, ಮತ್ತೆ ಎಳೆದರು.

"ಅಲ್ಲಾ, ಎಷ್ಟು ಚೆನ್ನಾಗಿ ಹೇಳುತ್ತೆ ಇದು!"

"ಸೆನ್ಸರೂ ಇದನ್ನೇ ಹೇಳ್ತಿದ್ದದ್ದು. ಹೊಗೆ ಮನೆ ಕಡೆ ತಿರುಗಿದೆ ಅಂತ ಗ್ಯಾಸ್ ನಿಲ್ಲಿಸ್ತಿತ್ತು."

ಕುಬಾತ್ ಹಣೆ ಉಜ್ಜಿಕೊಂಡ. "ಅದಕ್ಕೇನಾ ಸಂಜೆಯಾದ್ರೆ ನನಗೆ ತಲೆ ಹಿಡಿಯೋದು? ಮಗುವಿನ ಚಿಂತೆಗೆ ಅಂದ್ಕೊಂಡಿದ್ದೆ."

"ಆ ತಂತಿ ಕಟ್ಟಿಬಿಟ್ಟಿದ್ರೆ?" ಅಪಾ ಕೇಳಿದರು.

ಅನಿಪಾ ಮಾತನ್ನು ಮೆತ್ತಗೆ ಮಾಡಲಿಲ್ಲ. "ನೀವು ಚಹಾ ಕುಡಿದು ತಗಡು ತಳ್ಳಿ ಮಲಗ್ತಿದ್ರಿ. ಬೆಂಕಿ ಆರ್ತಿರಲಿಲ್ಲ. ನೀವ್ಯಾರೂ ಏಳ್ತಿರಲಿಲ್ಲ."

ತೊಕ್ತೊಸುನ್ ಮತ್ತೆ ಇಕ್ಕಳ ಎತ್ತಿಕೊಂಡ. "ಈಗಲೇ ತಗಡು ಕಿತ್ತು ಹಾಕ್ತೀನಿ. ಮುಗೀತಲ್ಲ?"

"ತಗಡು ಹೋಗಲೇಬೇಕು. ಆದ್ರೆ ಅಲ್ಲಿಗೇ ಮುಗಿಯಲ್ಲ. ಕಲ್ಲಿದ್ದಲಿಗೆ ಕಟ್ಟಿದ ಚಿಮಣಿ ಇದು. ಗ್ಯಾಸಿನ ಹೊಗೇಲಿ ನೀರಾವಿ ಜಾಸ್ತಿ, ಇಟ್ಟಿಗೆ ಸಂದು ತಿನ್ನುತ್ತೆ. ಒಳಗೆ ಉಕ್ಕಿನ ಕೊಳವೆ ಇಳಿಸ್ಬೇಕಾ ಅಂತ ಪರವಾನಗಿ ಇರೋರು ಬಂದು ನೋಡ್ಬೇಕು. ನೀನು ಹಾಕಿರೋ ಜೋಡಣೆ ಒಂದೊಂದೂ ಪರೀಕ್ಷೆ ಆಗ್ಬೇಕು. ಕೋಣೆಗೆ ಯಾವಾಗ್ಲೂ ಗಾಳಿ ಬರೋ ದಾರಿ ಬೇಕು. ಅಲ್ಲೀವರೆಗೆ ಇದನ್ನ ಹಚ್ಚೋ ಹಾಗಿಲ್ಲ."

"ಶುಕ್ರವಾರದೊಳಗೆ ಆಗುತ್ತಾ ಅಕ್ಕ?" ಎಂದ ಕುಬಾತ್.

"ಆಗಲ್ಲ. ಮುಂದಿನ ವಾರ."

"ಹಾಗಾದ್ರೆ ಅಲ್ಲೀತನಕ ಅದೇ ಒಲೆಗೆ ಎರಡು ಬಕೆಟ್ ಕಲ್ಲಿದ್ದಲು…"

"ಹೊಟ್ಟೇಲಿ ಬರ್ನರ್ ಇಟ್ಕೊಂಡಿರೋ ಒಲೆಗಾ? ತಲೆ ಸರಿ ಇದೆಯಾ ನಿನಗೆ?"

ಪಟ್ಟಣದಲ್ಲಿ ಅಪಾ ಅವರ ಮಗಳ ಮನೆಯಿತ್ತು. ಅದು ದೊಡ್ಡ ಕಟ್ಟಡ, ಇಡೀ ಕಟ್ಟಡಕ್ಕೆ ಬಿಸಿನೀರಿನ ಕೊಳವೆಗಳ ಕಾವು. ಆದರೆ ಅದು ಅಳಿಯನ ಮನೆ. ಮೊದಲ ಮೊಮ್ಮಗಳನ್ನು ಆಸ್ಪತ್ರೆಯಿಂದ ಅಲ್ಲಿಗೆ ಕಳಿಸುವ ಮಾತನ್ನು ಅಪಾ ಎದುರು ಎತ್ತಲು ಮಗನಿಗೆ ಧೈರ್ಯವಿರಲಿಲ್ಲ.

ಅಪಾ ತಾವೇ ಫೋನ್ ಎತ್ತಿಕೊಂಡರು. "ಅಳಿಯಂದಿರೇ, ಶುಕ್ರವಾರ ಐಜಾನ್, ಮಗು ನಿಮ್ಮನೆಗೆ ಬರ್ತಾರೆ. ಒಂದು ವಾರ ಇರ್ತಾರೆ. ನಾನೂ ಬರ್ತೀನಿ, ಈಗಲೇ ಹೆದರಿಕೊಳ್ಳಿ." ಆಮೇಲೆ ಶಾಸ್ತ್ರಕ್ಕೆ ಕರೆದಿದ್ದವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿದರು: "ತೊಟ್ಟಿಲ ಶಾಸ್ತ್ರ ಮುಂದಕ್ಕೆ ಹೋಗಿದೆ. ಯಾಕಾ? ನನ್ನ ಒಲೆಗೆ ಇನ್ನೂ ಪರೀಕ್ಷೆ ಆಗಿಲ್ಲ. ನಿಮ್ಮದಕ್ಕೆ ಆಗಿದೆಯಾ?"

ಬೀದಿಯಲ್ಲಿ ಹೆಚ್ಚಿನವರ ಒಲೆಗೂ ಪರೀಕ್ಷೆ ಆಗಿರಲಿಲ್ಲ. ಮುಂದಿನ ವಾರ ಬಂದ ಪರವಾನಗಿದಾರರು ಕುಬಾತ್‌ನ ಮನೆಯ ತಗಡು ಕಿತ್ತು ಅದರ ಸೀಳಿಗೆ ಗಾರೆ ಹಾಕಿದರು, ಚಿಮಣಿಗೆ ಉಕ್ಕಿನ ಕೊಳವೆ ಇಳಿಸಿದರು, ಗಾಳಿಗೆಂದು ಗೋಡೆಯಲ್ಲಿ ಕಿಂಡಿ ಕೊರೆದರು, ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿ ಸೋರಿಕೆ ನೋಡಿದರು. ತೊಕ್ತೊಸುನ್ ಹಾಕಿದ್ದ ಒಂದು ಜೋಡಣೆಯಲ್ಲಿ ನೊರೆ ಗುಳ್ಳೆ ಎದ್ದಿತು. ಅದನ್ನು ಬದಲಿಸಿದರು. ಅವನು ಅದೇ ದಿನ ತನ್ನ ಮನೆಗೂ ಅವರನ್ನು ಕರೆದುಕೊಂಡು ಹೋದ. ಮಗು ಮನೆಗೆ ಬಂತು. ಈಗ ಅದರ ಅಳು ಮೂರು ಮನೆಗೆ ಕೇಳಿಸುತ್ತದೆ.

ಓದುಗರೇ, ನಿಮ್ಮ ಹಳೆಯ ಒಲೆಗೋ ಬಾಯ್ಲರಿಗೋ ಗ್ಯಾಸ್ ಬರ್ನರ್ ಹಾಕಿಸುವುದಿದ್ದರೆ ಪರವಾನಗಿ ಇರುವವರಿಂದಲೇ ಹಾಕಿಸಿ. ಚಿಮಣಿಯ ಅಡ್ಡತಗಡು ತೆಗೆಸಿ. ಗಾಳಿ ಬರುವ ಕಿಂಡಿಗೆ ಕಾಗದ ಅಂಟಿಸಬೇಡಿ. ಪ್ರತಿ ಚಳಿಗಾಲಕ್ಕೆ ಮೊದಲು ಚಿಮಣಿ ನೋಡಿಸಿ. ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಒಂದನ್ನು ಮಲಗುವ ಕೋಣೆಯ ಹತ್ತಿರ ಹಾಕಿ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಹೆಚ್ಚಾಗಿ, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ತಡಮಾಡಬೇಡಿ. ಎಲ್ಲರೂ ಹೊರಗೆ ಬನ್ನಿ. ಬರುವಾಗ ಕೈಗೆ ಸಿಕ್ಕರೆ ಬರ್ನರ್ ಆರಿಸಿ, ಬಾಗಿಲು ತೆರೆದಿಡಿ. ಹೊರಗಿನಿಂದ ತುರ್ತು ಸೇವೆಗೆ ಕರೆ ಮಾಡಿ.

ಬರ್ನರ್ ತಾನಾಗಿ ಮತ್ತೆ ಮತ್ತೆ ಆರುತ್ತಿದೆಯೇ? ಅದನ್ನು ಬಯ್ಯಬೇಡಿ, ಅದರ ಬಾಯಿ ಕಟ್ಟಬೇಡಿ. ಯಾಕೆ ಆರಿತು ಎಂದು ಗೊತ್ತಾಗುವವರೆಗೆ ಮತ್ತೆ ಹಚ್ಚಬೇಡಿ.