ಇಪ್ಪತ್ತೊಂಬತ್ತು ಸಾವಿರದ ಗಾಡಿ

ಟರ್ ಟರ್ ಟರ್ — ಅಲ್ಲ, ಅದು ಎಂಜಿನ್ನಿನ ಸದ್ದಲ್ಲ, ಎಂಜಿನ್ನಿನೊಳಗೆ ಇನ್ನೇನೋ, ಡಬ್ಬಿಗೆ ಹಾಕಿ ಕುಲುಕಿದ ಮೊಳೆಗಳ ಹಾಗೆ, ಮೂರು ಕ್ಷಣ, ನಾಲ್ಕು ಕ್ಷಣ, ಆಮೇಲೆ ಆಯಿಲ್ ಮೇಲೇರಿದ್ದೇ ಮಾಯ, ಈಗ ಬೈಕು ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಗುರುಗುಡುತ್ತಿದೆ, ಕೇಳಿದ್ರಾ ಎಷ್ಟು ನಯ ಅಂತ, ಎಂದು ಗಾಡಿ ಮಾರುವ ಮುದುಕ ಚಿಂದಿಗೆ ಕೈಯೊರೆಸಿಕೊಳ್ಳುತ್ತಿದ್ದಾನೆ, ಕಾರ್ಲಾ ಆಗಲೇ ಬಗ್ಗಿ ಮೀಟರು ನೋಡುತ್ತಿದ್ದಾಳೆ, ಅಪ್ಪ, ನೋಡಿಲ್ಲಿ, ಇಪ್ಪತ್ತೊಂಬತ್ತು ಸಾವಿರದ ಒಂಬೈನೂರು, ಜಾಹೀರಾತಲ್ಲಿ ಹಾಕಿದ್ದು ನಿಜಾನೇ — ಆ ಸದ್ದು ಇನ್ಯಾರಿಗೂ ಕೇಳಿಸಲಿಲ್ಲವೇ, ಹೆನಿಂಗ್‌ಗೆ ಕೇಳಿಸಿತು, ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನ ಕಿವಿ, ಹೆಂಡತಿ ಕರೆದರೆ ಕೇಳಿಸದ ಕಿವಿಗೆ ಇದು ಮಾತ್ರ ಕೇಳಿಸುತ್ತದೆ, ಟೈಮಿಂಗ್ ಚೈನು, ಎಂಜಿನ್ನೊಳಗೆ ಸವೆದು ಸಡಿಲವಾದ ಚೈನು, ಎಂಬತ್ತು ಸಾವಿರ ಕಿಲೋಮೀಟರು ಓಡಿದ ಗಾಡಿ ಬೆಳಗ್ಗೆ ಏಳುವಾಗ ಹೀಗೆ ಕೆಮ್ಮುತ್ತದೆ, ಮೂವತ್ತು ಸಾವಿರದ್ದು ಕೆಮ್ಮಬಾರದು, ಹಾಗಾದರೆ ಯಾಕೆ, ಯಾಕೆ ಎಂದುಕೊಳ್ಳುತ್ತ ಅವನೂ ಮಗಳ ಪಕ್ಕಕ್ಕೆ ಬಗ್ಗಿದ, ಕನ್ನಡಕ ಹಣೆಗೇರಿಸಿ ಮೀಟರಿನ ಬುಡ ನೋಡಿದ, ಎರಡು ತಿರುಪು, ಎಡಗಡೆಯದು ಉಕ್ಕಿನದು, ಬಲಗಡೆಯದು ಹಿತ್ತಾಳೆಯದು.

ಹಿತ್ತಾಳೆಯ ತಿರುಪು ಯಾವ ಕಾರ್ಖಾನೆಯಿಂದಲೂ ಬರುವುದಿಲ್ಲ, ಅದು ಸ್ಟ್ರುಯರ್ ಊರಿನ ಒಂದು ಗ್ಯಾರೇಜಿನಿಂದ ಬಂದದ್ದು, ಕೆಟ್ಟು ನಿಂತ ಗೋಡೆ ಗಡಿಯಾರದಿಂದ ಬಿಚ್ಚಿದ್ದು, ಉಕ್ಕಿನದು ಕೈಜಾರಿ ಬೆಂಚಿನಡಿಗೆ ಉರುಳಿ ಸಿಗದೆ ಹೋದಾಗ ಹೆನಿಂಗ್‌ನ ಇದೇ ಕೈ ಹುಡುಕಿ ಹಾಕಿದ್ದು, ಹದಿನೆಂಟು ವರ್ಷದ ಹಿಂದೆ, ಆಗ ಈ ಗಾಡಿ ಕೆಂಪಾಗಿತ್ತು, ಈಗ ಯಾರೋ ಕಡುನೀಲಿ ಬಳಿದಿದ್ದಾರೆ, ಅದಕ್ಕೇ ಅಂಗಳದಲ್ಲಿ ನೋಡಿದಾಗ ಗುರುತು ಹತ್ತಲಿಲ್ಲ, ಈ ಮುದುಕನ ಗುರುತೂ ಹತ್ತಲಿಲ್ಲ, ಆಗ ಇವನಿಗೆ ಎದೆತನಕ ಕಪ್ಪು ಗಡ್ಡ, ಹೋಲ್ಸ್ಟೆಬ್ರೋ ಊರಿಂದ ಗಾಡಿ ಕೊಳ್ಳಲು ಬಸ್ಸಲ್ಲಿ ಬಂದಿದ್ದ, ಹೆಲ್ಮೆಟ್ಟನ್ನು ಹೊಸ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಯೋರ್ಗನ್, ಹೌದು ಯೋರ್ಗನ್, ಜಾಹೀರಾತಿನಲ್ಲಿದ್ದದ್ದು ಇವನ ಹೆಂಡತಿ ಇಂಗೆರ್ ಹೆಸರು, ಗೊತ್ತಾಗುವುದಾದರೂ ಹೇಗೆ — ಎಪ್ಪತ್ತೊಂದು ಸಾವಿರದ ಮುನ್ನೂರು ತೋರಿಸುತ್ತಿದ್ದ ಮೀಟರನ್ನು ಬಿಚ್ಚಿ, ಅಪಘಾತದಲ್ಲಿ ನುಜ್ಜಾದ ಇನ್ನೊಂದು ಗಾಡಿಯ ಮೀಟರು ಕೂರಿಸಿದ್ದ ಹೆನಿಂಗ್, ಅದರಲ್ಲಿದ್ದದ್ದು ಹನ್ನೆರಡು ಸಾವಿರದ ಏಳ್ನೂರು, ಅರ್ಧ ಗಂಟೆಯ ಕೆಲಸ, ಎಲ್ಲರೂ ಮಾಡ್ತಾರೆ ಎಂದಿದ್ದರು ಎಲ್ಲರೂ, ಹೊಸ ಗಾಡಿಗೆ ಸರ್ಕಾರ ಹಾಕುವ ತೆರಿಗೆಗೆ ಜನ ಹಳೆಯದನ್ನೇ ತಾನೇ ತಗೊಳ್ಳೋದು, ಹಳೆಯದು ಸ್ವಲ್ಪ ಹೊಸದಾಗಿ ಕಂಡರೆ ಅವರಿಗೂ ಖುಷಿ, ಹಾಗೆ ಸಿಕ್ಕಿದ ಹೆಚ್ಚಿನ ದುಡ್ಡಲ್ಲಿ ಮನೆಯ ಹಿಂಬದಿಗೆ ಕಲ್ಲು ಹಾಸಿಸಿದ್ದ, ಇವತ್ತು ಬೆಳಗ್ಗೆಯೂ ಅದೇ ಕಲ್ಲಿನ ಮೇಲೆ ನಿಂತು ಕಾಫಿ ಕುಡಿದದ್ದು, ಹೆಂಡತಿ ಬಾಗಿಲಿಂದ ಹೇಳಿದ್ದಳು, ಬಣ್ಣ ನೋಡಿ ಮರುಳಾಗಬೇಡಿ, ಮೀಟರ್ ನೋಡಿ ತಗೊಳ್ಳಿ.

ಮೀಟರು ನೋಡುವುದಾದರೆ ಬೆಳಗ್ಗೆ ನೋಡಿಬಂದ ಇನ್ನೊಂದು ಗಾಡಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ಲೆಮ್ವಿಗ್ ಬಂದರಿನ ಹಿಂದಿನ ಬೀದಿಯಲ್ಲಿ, ಮೀನು ಕತ್ತರಿಸುವ ಕೆಲಸದ ಬಿರ್ಟೆ ಎಂಬ ಹೆಂಗಸು, ಬೂಟಿನಲ್ಲೇ ಹೊರಗೆ ಬಂದವಳು, ತೊಂಬತ್ತಮೂರು ಸಾವಿರ, ಮೊದಲೇ ಹೇಳಿಬಿಡ್ತೀನಿ, ಸೀಟು ಹರಿದಿದೆ, ಟೇಪು ನಾನೇ ಸುತ್ತಿದ್ದು, ಮಳೇಲಿ ಒಂದ್ಸಲ ಕೆಮ್ಮುತ್ತೆ, ನಿಮ್ಮನ್ನ ಬೀಳಿಸಲ್ಲ, ಒಂದು ಸಲ ನಾನೇ ಬೀಳಿಸಿದ್ದೆ, ಬಂದರಲ್ಲಿ, ಮೀನಿನ ಎಣ್ಣೆ ಮೇಲೆ, ಟೈಮಿಂಗ್ ಚೈನು ಹೋದ ವರ್ಷ ಹಾಕಿಸಿದ್ದು ಇಗೋ ಚೀಟಿ, ಹೀಗೆ ಕೇಳದೆಯೇ ಒಂದೊಂದಾಗಿ ಹುಳುಕು ಬಿಚ್ಚಿಟ್ಟಳು, ಪಾಪ ನಿವೇದನೆಗೆ ಬಂದವಳ ಹಾಗೆ, ಕಾರ್ಲಾ ವ್ಯಾನಿನಲ್ಲಿ ನಕ್ಕಿದ್ದಳು, ಅಪ್ಪ, ಆಯಮ್ಮ ಮಾರೋಕೆ ಕೂತಿದ್ಲೋ ಬೇಡ ಅನ್ನಿಸೋಕೋ, ತೊಂಬತ್ತಮೂರು ಸಾವಿರ ಅಂದ್ರೆ ಭೂಮಿಗೆ ಎರಡು ಸುತ್ತು ಆಯ್ತು, ನಾನು ನರ್ಸಾಗಿ ಕೆಲಸಕ್ಕೆ ಹೋಗ್ಬೇಕಾ, ಗಾಡಿಗೆ ನರ್ಸಾಗ್ಬೇಕಾ — ಮೇ ತಿಂಗಳಿಂದ ಅವಳು ಕೆಲಸಕ್ಕೆ ದಿನಾ ಅರವತ್ತು ಕಿಲೋಮೀಟರು, ಹೋಗಿ ಬಂದು, ಸಮುದ್ರದ ಗಾಳಿಗೆ ಮರಗಳೆಲ್ಲ ಒಂದೇ ಕಡೆ ವಾಲಿದ ಆ ರಸ್ತೆಯಲ್ಲಿ, ಚೈನು ಕಡಿದರೆ ಎಂಜಿನ್ನು ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ, ತೊಂಬತ್ತರ ವೇಗದಲ್ಲಿ, ಎದುರಿಗೆ ಹಾಲಿನ ಟ್ಯಾಂಕರು — ಹನ್ನೆರಡು ಏಳ್ನೂರನ್ನು ಇಪ್ಪತ್ತೊಂಬತ್ತು ಒಂಬೈನೂರರಿಂದ ಕಳೆದರೆ ಹದಿನೇಳು ಸಾವಿರದ ಇನ್ನೂರು, ಇಷ್ಟನ್ನೇ ಯೋರ್ಗನ್ ಓಡಿಸಿದ್ದು, ಅದನ್ನು ಎಪ್ಪತ್ತೊಂದು ಮುನ್ನೂರಕ್ಕೆ ಕೂಡಿದರೆ ಎಂಬತ್ತೆಂಟೂವರೆ ಸಾವಿರ, ಬಿರ್ಟೆಯ ಗಾಡಿಗೂ ಇದಕ್ಕೂ ಹೆಚ್ಚು ಅಂತರವೇನೂ ಇಲ್ಲ, ಅವಳದು ಮುಖಕ್ಕೆ ಹೇಳುತ್ತದೆ, ಇದು ಹೇಳುವುದಿಲ್ಲ, ಇದರ ಬಾಯಿ ಹೊಲಿದವನು ಇಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದಾನೆ.

ಬನ್ನಿ, ಕಾಫಿ ಆರೋಗುತ್ತೆ, ಎಂದು ಇಂಗೆರ್ ಗ್ಯಾರೇಜಿನ ಬಾಗಿಲಿಗೇ ಮಡಿಸುವ ಮೇಜು ತಂದಿಟ್ಟಿದ್ದಾಳೆ, ಫ್ಲಾಸ್ಕು, ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು, ನಾಲ್ಕು ಬಟ್ಟಲು, ಸೊಂಟದ ಕೀಲು ಬದಲಾಯಿಸಿದ ಮೇಲೆ ಇವರಿಗೆ ಕಾಲೆತ್ತಿ ಹಾಕೋಕೆ ಆಗಲ್ಲ, ಅದಕ್ಕೇ ಮಾರ್ತಿರೋದು, ಇಲ್ದಿದ್ರೆ ನನ್ನನ್ನ ಮಾರೋರೇ ಹೊರತು ಇದನ್ನ ಮಾರ್ತಿರ್ಲಿಲ್ಲ, ನಾರ್ವೆಗೂ ಹೋಗಿದ್ವಿ ನಾವಿಬ್ರೂ ಇದರ ಮೇಲೆ, ಆ ಬೆಟ್ಟದ ತಿರುವಲ್ಲೆಲ್ಲ ನಾನು ಕಣ್ಣು ಮುಚ್ಚಿಕೊಂಡು ಇವರ ಬೆನ್ನಿಗೆ ಕೆನ್ನೆ ಒತ್ತಿಕೊಂಡಿದ್ದೆ, ಇವರು ನೋಡು ನೋಡು ಅಂತಾರೆ, ನಾನು ಏನು ನೋಡ್ಲಿ, ಇವರ ಜಾಕೆಟ್ಟಿನ ಹೊಲಿಗೆ ನೋಡಿದ್ದೆ — ಕಾರ್ಲಾ ನಗುತ್ತಿದ್ದಾಳೆ, ಯೋರ್ಗನ್ ನಾಚಿಕೊಂಡು ಒಳಗೆ ಹೋಗಿ ರಟ್ಟಿನ ಒಂದು ಪುಸ್ತಕ ತಂದ, ಅಂಚು ಮೆತ್ತಗಾದ ಹಸಿರು ಪುಸ್ತಕ, ಇದರಲ್ಲಿ ಎಲ್ಲ ಇದೆ ಮಗಳೇ, ಆಯಿಲ್ ಹಾಕಿದ್ದು, ಬ್ರೇಕು, ಗಾಳಿ ತುಂಬಿಸಿದ್ದು ಕೂಡ, ಎಂದು ಅವಳ ಕೈಗೆ ಕೊಟ್ಟ, ಹೆನಿಂಗ್ ಬನ್ನು ಬಾಯಿಗಿಟ್ಟುಕೊಂಡ, ಕಾರ್ಲಾ ಮೊದಲ ಪುಟ ತೆರೆದಳು, ತೆರೆದವಳು ಮೊದಲ ಸಾಲಿನ ಮೇಲೆ ಬೆರಳಿಟ್ಟಳು, ಅಪ್ಪ, ಇದು ನಿನ್ನ ಏಳು.

ಏಳು — ನಡುವೆ ಅಡ್ಡಗೆರೆ ಎಳೆದು, ಗೆರೆಯ ತುದಿಯನ್ನು ಕೆಳಕ್ಕೆ ಕೊಕ್ಕೆಯಂತೆ ಬಗ್ಗಿಸುವ ಏಳು, ಕಾರ್ಲಾಳ ಶಾಲೆಯ ಲೆಕ್ಕದ ಪುಸ್ತಕದಲ್ಲಿ, ಹುಟ್ಟುಹಬ್ಬದ ಕಾರ್ಡಿನಲ್ಲಿ, ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ, ಎಲ್ಲ ಕಡೆಯೂ ಅವನದೇ ಏಳು, ಆ ದಿನ ಯೋರ್ಗನ್ ಈ ಪುಸ್ತಕವನ್ನು ಹೊಸದಾಗಿ ಕೊಂಡು ತಂದಿದ್ದ, ಮೊದಲ ಸಾಲು ನೀವೇ ಬರೀರಿ, ಗಾಡಿ ಬಲ್ಲವರು ಬರೆದ್ರೆ ಒಳ್ಳೇದು ಅಂದಿದ್ದ, ಹೆನಿಂಗ್ ಬರೆದಿದ್ದ, 12,700, ಆಯಿಲ್ ಬದಲಿಸಿದೆ, ಕೆಳಗೆ ಹೆಸರು, ಕೈ ನಡುಗಿರಲಿಲ್ಲ, ಒಂದು ಚೂರೂ ನಡುಗಿರಲಿಲ್ಲ — ಯೋರ್ಗನ್ ಈಗ ಎದ್ದು ನಿಂತು ಅವನ ಮುಖವನ್ನೇ ನೋಡುತ್ತಿದ್ದಾನೆ, ಸ್ಟ್ರುಯರ್‌ನ ಹೆನಿಂಗ್ ನೀವೇನಾ, ಅಯ್ಯೋ ನಾನೆಂಥ ಕುರುಡ, ಇಂಗೆರ್, ಇವರೇ ಕಣೇ, ನಾನು ಹೇಳ್ತಿದ್ನಲ್ಲ, ಎಂದು ಕೈ ಹಿಡಿದುಕೊಂಡು ಅಲ್ಲಾಡಿಸುತ್ತಿದ್ದಾನೆ, ಇಂಗೆರ್ ಇನ್ನೊಂದು ಬನ್ನು ಅವನ ತಟ್ಟೆಗಿಡುತ್ತಿದ್ದಾಳೆ, ಈ ಗಾಡಿ ನನಗೆ ಪರವಾಗಿಲ್ಲ ಅನ್ನಿಸಿತ್ತು, ಎಂದ ಯೋರ್ಗನ್, ಈ ಸೀಮೆಯಲ್ಲಿ ಪರವಾಗಿಲ್ಲ ಎಂದರೆ ಅದಕ್ಕಿಂತ ಮೇಲೆ ಹೊಗಳಿಕೆ ಇಲ್ಲ, ನಿಮ್ಮಿಂದ ಬಂದದ್ದು ನಿಮ್ಮ ಮಗಳಿಗೇ ಹೋಗ್ಲಿ, ಎರಡು ಸಾವಿರ ಕಮ್ಮಿ ಮಾಡ್ತೀನಿ, ಕಾರ್ಲಾ ಅಪ್ಪನ ತೋಳು ಹಿಡಿದು, ಅಪ್ಪ, ಇದೇ, ಇದೇ ಬೇಕು, ಎಂದಳು.

ಸೀಟು ಎತ್ತರ ನಿನಗೆ, ಎಂದ ಹೆನಿಂಗ್, ಹೇಳಲು ಸಿಕ್ಕಿದ್ದು ಅದೊಂದೇ, ಕಾರ್ಲಾ ಹೋಗಿ ಹತ್ತಿ ಕೂತು ಎರಡೂ ಪಾದ ನೆಲಕ್ಕೆ ಊರಿ ತೋರಿಸಿದಳು, ಎಲ್ಲಿ ಎತ್ತರ, ಎಂದಳು, ಬೇರೆ ಏನು, ಬಣ್ಣ, ಇಲ್ಲ, ವಿಮೆ, ಇಲ್ಲ, ಚೈನು, ಹೌದು ಚೈನು, ಅದು ಸುಳ್ಳಲ್ಲ, ಚೈನು ಸದ್ದು ಮಾಡ್ತಿದೆ, ಸ್ಟಾರ್ಟ್ ಮಾಡುವಾಗ ಕೇಳಿಸ್ತು, ಟೈಮಿಂಗ್ ಚೈನು ಸವೆದಿದೆ, ಎಂದ, ಸಾಕು, ಇಷ್ಟೇ ಹೇಳಿ ಎದ್ದುಹೋದರೆ ಸಾಕು, ಬಿರ್ಟೆಯ ಗಾಡಿ ತಗೊಂಡರೆ ಆಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ — ಆದರೆ ಯೋರ್ಗನ್ ನಗು ನಿಲ್ಲಿಸಿದ, ಮೂವತ್ತು ಸಾವಿರಕ್ಕಾ, ಎಂದ, ಕಂಪನಿ ಪುಸ್ತಕದಲ್ಲಿ ಎಂಬತ್ತಕ್ಕೆ ನೋಡಿದ್ರೆ ಸಾಕು ಅಂತಿದೆ, ಹಾಗಾದ್ರೆ ನನ್ನದೇ ತಪ್ಪು, ಯಾವ್ದೋ ವರ್ಷ ಆಯಿಲ್ ತಡ ಮಾಡಿರ್ಬೇಕು, ಕಿವಿ ಮೇಲಿದ್ದ ಮೊಂಡು ಪೆನ್ಸಿಲನ್ನು ತೆಗೆದು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ, ಪೆನ್ಸಿಲ್ ಮೊನೆ ಒಂದೊಂದೇ ಸಾಲಿನ ಮೇಲೆ ಇಳಿಯುತ್ತಿದೆ, ಒಂದು ವರ್ಷ, ಎರಡು ವರ್ಷ, ಇಲ್ಲಿ ಹಾಕಿದೀನಿ, ಇಲ್ಲೂ ಹಾಕಿದೀನಿ, ಆ ವರ್ಷ ನಿಮ್ಮಣ್ಣ ತೀರಿಕೊಂಡ್ರಲ್ಲ, ಆಗೇನಾದ್ರೂ ತಪ್ಪಿತಾ ನೋಡಿ, ಎಂದಳು ಇಂಗೆರ್, ಇಲ್ಲ ಕಣೇ, ಆಗಲೂ ಹಾಕಿದೀನಿ, ನೀವು ಯೋಚ್ನೆ ಮಾಡ್ಬೇಡಿ ಹೆನಿಂಗ್, ಚೈನು ನನ್ನ ಖರ್ಚಲ್ಲೇ ಹಾಕಿಸಿ ಕೊಡ್ತೀನಿ, ಎಲ್ಲಿ ತಪ್ಪಿದೆ ಅಂತ ತಿಳೀಬೇಕು ಅಷ್ಟೆ, ಮಗು ಹತ್ತೋ ಗಾಡಿ — ಪೆನ್ಸಿಲ್ ಮೊನೆ ಪುಟ ತಿರುವಿತು, ಮತ್ತೆ ಇಳಿಯತೊಡಗಿತು, ಆ ಮೊನೆ ಎಲ್ಲಿ ನಿಂತರೂ ಅಲ್ಲಿ ತಪ್ಪಿಲ್ಲ, ಹದಿನೆಂಟು ವರ್ಷದಲ್ಲಿ ಎಲ್ಲೂ ತಪ್ಪಿಲ್ಲ, ಇನ್ನೂ ಹುಡುಕುತ್ತಾನೆ, ರಾತ್ರಿಯೂ ಹುಡುಕುತ್ತಾನೆ, ಸಾಯುವ ತನಕ ತನ್ನ ತಪ್ಪೇ ಅಂದುಕೊಳ್ಳುತ್ತಾನೆ, ಹೆನಿಂಗ್ ಬಟ್ಟಲು ಕೆಳಗಿಟ್ಟ, ನಿಮ್ಮ ತಪ್ಪಲ್ಲ, ಎಂದ, ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು, ಆ ಮೀಟರು ಈ ಗಾಡಿದಲ್ಲ, ನಾನು ಬೇರೆ ಗಾಡಿದು ತೆಗೆದು ಹಾಕಿದ್ದು, ನಿಮಗೆ ಕೊಟ್ಟಾಗ ಎಪ್ಪತ್ತೊಂದು ಸಾವಿರದ ಮುನ್ನೂರು ಓಡಿತ್ತು.

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಇಂಗೆರ್ ಕೈ ನಿಂತಿತು, ಗಾಳಿಗೆ ಅಂಗಳದ ಧ್ವಜಸ್ತಂಭದ ಹಗ್ಗ ಕಂಬಕ್ಕೆ ಬಡಿಯುತ್ತಿದೆ, ಟಕ್, ಟಕ್, ಯಾರಾದರೂ ಬಯ್ಯಲಿ, ಬೈದರೆ ಮಾತಾಡಬಹುದು, ಕಾರ್ಲಾ ಗಾಡಿಯಿಂದ ಇಳಿದು ಸ್ಟ್ಯಾಂಡು ಹಾಕಿದಳು, ಮೆಲ್ಲಗೆ, ಯಾರದೋ ಮನೆಯ ವಸ್ತು ಇಡುವ ಹಾಗೆ, ಬಂದು ಅಪ್ಪನ ಮುಂದೆ ನಿಂತಳು, ಇದೊಂದೇನಾ, ಎಂದು ಕೇಳಿದಳು, ಅವನು ತಲೆ ಅಲ್ಲಾಡಿಸಿದ, ಒಂದೇ ಅಲ್ಲ, ಎಷ್ಟು ಅಂತ ಕೇಳಿದ್ದರೆ ಹನ್ನೊಂದು, ಹನ್ನೊಂದೂ ನೆನಪಿವೆ, ಬಣ್ಣ ಸಮೇತ ನೆನಪಿವೆ, ಅವನು ಮೇಜಿನ ಮೇಲಿನ ಬನ್ನಿನ ಚೂರುಗಳನ್ನು ಬೆರಳಿಂದ ಒಟ್ಟುಮಾಡಿದ, ಕಾರ್ಲಾ ಇನ್ನೇನೂ ಕೇಳದೆ ಅಂಗಳಕ್ಕೆ ನಡೆದಳು, ಫೋನು ಕಿವಿಗಿಟ್ಟುಕೊಂಡದ್ದು ಕಾಣುತ್ತದೆ, ಬಿರ್ಟೆ ಅವರಾ, ಬೆಳಗ್ಗೆ ಬಂದಿದ್ವಲ್ಲ, ಹೌದು, ತೊಂಬತ್ತಮೂರು ಸಾವಿರದ್ದೇ, ಅದೇ ತಗೋತೀನಿ, ಇಲ್ಲ, ನಾನೊಬ್ಬಳೇ ಬರ್ತೀನಿ — ಒಬ್ಬಳೇ — ಯೋರ್ಗನ್ ತಲೆಯೆತ್ತಿಲ್ಲ, ಪುಸ್ತಕವನ್ನೇ ನೋಡುತ್ತ ಕೇಳಿದ, ಇವತ್ತು ಹೇಳಿದ್ರಿ, ಮಗಳು ಹತ್ತೋದು ಅಂತ ಹೇಳಿದ್ರಿ ಅಲ್ವಾ, ನಾರ್ವೆಗೆ ನಾನು ಇವಳನ್ನ ಹಿಂದೆ ಕೂರಿಸ್ಕೊಂಡು ಹೋಗಿದ್ದೆ — ಅಲ್ಲ, ಅದಕ್ಕಲ್ಲ, ನೀವು ನಿಮ್ಮ ತಪ್ಪು ಹುಡುಕುತ್ತಿದ್ದಿರಲ್ಲ, ಅದನ್ನು ನೋಡಲಾಗದೆ ಹೇಳಿದ್ದು, ಎನ್ನಬೇಕು, ಎನ್ನಬಹುದು, ಅದು ನಿಜವೇ, ಕಾರ್ಲಾ ಅಲ್ಲದೆ ಬೇರೆ ಯಾರೋ ಕೊಳ್ಳಲು ಬಂದು ಹೆನಿಂಗ್ ಜೊತೆಗೆ ಸುಮ್ಮನೆ ಬಂದಿದ್ದರೆ ಹೇಳುತ್ತಿದ್ದನೇ, ಹೇಳುತ್ತಿದ್ದ, ಇಲ್ಲ, ಗೊತ್ತಿಲ್ಲ, ಇಂಗೆರ್ ಗಂಡನ ಬೆನ್ನಿನ ಮೇಲೆ ಕೈಯಿಟ್ಟಿದ್ದಾಳೆ, ಕೆನ್ನೆ ಒತ್ತಿದ್ದ ಆ ಬೆನ್ನು, ಯೋರ್ಗನ್ ಪುಟಗಳನ್ನು ಹಿಂದಕ್ಕೆ ತಿರುವುತ್ತಿದ್ದಾನೆ, ಹದಿನೆಂಟು ವರ್ಷ ಹಿಂದಕ್ಕೆ, ಮೊದಲ ಪುಟ ಬಂತು, ಎಪ್ಪತ್ತೊಂದು ಮುನ್ನೂರರಲ್ಲಿ ಹನ್ನೆರಡು ಏಳ್ನೂರು ಕಳೆದ್ರೆ, ಐವತ್ತೆಂಟು ಸಾವಿರದ ಆರ್ನೂರು ಕೂಡಿಸ್ಬೇಕು ಅಲ್ವಾ, ಎಲ್ಲಾ ಸಾಲಿಗೂ, ಎಂದ, ಯಾರಿಗೂ ಅಲ್ಲ, ತನಗೇ, ಮೊದಲ ಸಾಲಿನ ಮೇಲೆ ಪೆನ್ಸಿಲ್ ಇಟ್ಟ, ಗೆರೆ ಎಳೆಯಬೇಕು, ಎಳೆಯುತ್ತಿಲ್ಲ, ಬೇರೆಯವರು ಬರೆದುಕೊಟ್ಟದ್ದನ್ನು ಹೊಡೆದುಹಾಕಿ ಅಭ್ಯಾಸವಿಲ್ಲದ ಕೈ, ಮೊಂಡು ಮೊನೆ, ಅದರ ಕೆಳಗೆ ಅಡ್ಡಗೆರೆಯ ಏಳು, ಮೊನೆ ಒತ್ತುವುದಿಲ್ಲ, ಮೇಲೇಳುವುದೂ ಇಲ್ಲ, ಏಳು, ಅದರ ಮೇಲೆ ಪೆನ್ಸಿಲ್, ಏಳು —