ಒಂದು ಗ್ಲಾಸ್ ಮುಸಂಬಿ, ಒಂದು ಡಬ್ಬಿ ಜೋಳ

ಬಂಟ್ವಾಳದಿಂದ ಚಾರ್ಮಾಡಿಯವರೆಗೆ ಮಾತಿನಲ್ಲಿ ತರುಣ್ ಎಂಬ ಹುಡುಗನನ್ನು ಸೋಲಿಸಿದವರಿದ್ದರೆ ಕರೆತನ್ನಿ, ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಯಾರೂ ಇಲ್ಲ. ಬೆಳ್ತಂಗಡಿಯ ಶಾಲೆಯೊಂದರ ಸ್ಟಾಫ್ ರೂಮಿನಲ್ಲಿ, ಸಾತ್ವಿಕಾ ಟೀಚರ ಎದುರು, ಎಡಗೈಯಲ್ಲಿ ಮುಸಂಬಿ ಜ್ಯೂಸು, ಬಲಗೈಯಲ್ಲಿ ಚಾರ್ಟು ಹಿಡಿದು ಅವನು ನಿಂತ ಭಂಗಿಯನ್ನು ನೀವು ನೋಡಬೇಕಿತ್ತು. ಫ್ಯಾನು ಬೇರೆ ಕೂದಲು ಹಾರಿಸುತ್ತಿತ್ತು.

ವಿಷಯ ಸಣ್ಣದಲ್ಲ. ಮೂರು ದಿನದ ಕ್ರೀಡಾಕೂಟಕ್ಕೆ ಮೈದಾನದೊಳಗೆ ಒಂದೇ ಅಂಗಡಿ. ಯಾವುದು ಹೆಚ್ಚು ಪೌಷ್ಟಿಕವೋ ಅದಕ್ಕೇ ಜಾಗ ಎಂದು ಟೀಚರು ಹೇಳಿದ್ದರು. ಕೇಳಿಕೊಂಡು ಬಂದವರು ಇಬ್ಬರು: ಬಿ.ಸಿ.ರೋಡಿನಲ್ಲಿ ಜ್ಯೂಸ್ ಅಂಗಡಿ ಇಟ್ಟಿರುವ ತರುಣನ ಅಮ್ಮ ನೀಲಾವತಿ, ಮತ್ತು ಅವಳ ಪಕ್ಕದಲ್ಲೇ ಡಬ್ಬಿಯ ಸಿಹಿ ಮೆಕ್ಕೆಜೋಳ ಬಿಸಿಮಾಡಿ ಕಪ್ಪಿನಲ್ಲಿ ಮಾರುವ ಉನೈಸ್. ಚರಂಡಿ ಕೆಲಸವೆಂದು ಎರಡು ವಾರದಿಂದ ಇಬ್ಬರ ಅಂಗಡಿಯೂ ಮುಚ್ಚಿತ್ತು. ಸುಮ್ಮನೆ ಕೂತು ನೀಲಾವತಿಗೆ ಊಟವೇ ಸೇರುತ್ತಿರಲಿಲ್ಲ.

"ಅದು ತರಕಾರಿಯಾ ಟೀಚರ್? ಡಬ್ಬಿಯೊಳಗೆ ಜೀವಾವಧಿ ಶಿಕ್ಷೆಯಲ್ಲಿರುವ ಕೈದಿ. ನನ್ನದು ಹಣ್ಣಿಂದ ಈಗಷ್ಟೇ ರಿಲೀಸ್. ಫಸ್ಟ್ ಡೇ, ಫಸ್ಟ್ ಶೋ," ಎಂದ ತರುಣ್.

"ನಿನ್ನ ಹೀರೋನಲ್ಲಿ ನಾರು ಉಂಟಾ ಮಾರಾಯ? ನನ್ನದರಲ್ಲಿ ಉಂಟು. ಪ್ರೊಟೀನೂ ಉಂಟು," ಎಂದ ಉನೈಸ್.

"ನಾರು ಎಂತಕ್ಕೆ, ಹಗ್ಗ ಮಾಡ್ಲಿಕ್ಕಾ? ಡಬ್ಬಿಯಲ್ಲಿ ಉಪ್ಪು ಎಷ್ಟುಂಟು, ಅದು ಹೇಳು."

"ತೊಳೆದು ಕೊಡ್ತೇನೆ."

ತರುಣ್ ಪೋಷಕಾಂಶದ ಚಾರ್ಟು ಬಿಚ್ಚಿದ. ಜ್ಯೂಸಿನ ಗೆರೆಗಳು ಮೊಬೈಲ್ ಟವರಿನಂತೆ ನಿಂತಿದ್ದವು, ಜೋಳದ್ದು ಬುಡದ ಹುಲ್ಲಿನಂತೆ. "ಲೆಕ್ಕ ಮಾತಾಡ್ತದೆ ಟೀಚರ್, ನಾನು ಬರೀ ಡಬ್ಬಿಂಗ್," ಎಂದ. ಟೀಚರು ತಲೆದೂಗಿದರು. ಜಾಗ ನೀಲಾವತಿಗೆ ಸಿಕ್ಕಿತು, ಉನೈಸ್ ಕೈಮುಗಿದು ಹೊರಟುಹೋದ.

ಬಿ.ಸಿ.ರೋಡಿನಲ್ಲಿ ತರುಣ್ ಹೇಳಿಕೊಂಡು ತಿರುಗುವುದು ಇಷ್ಟೇ. ನಾನೂ ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಆ ಕೋಣೆಯಲ್ಲಿ ನೀಲಾವತಿಯೂ ಇದ್ದಳು, ಹಾಗಾಗಿ ನಡೆದದ್ದನ್ನೇ ಒಪ್ಪಿಕೊಳ್ಳುತ್ತೇನೆ.

ಟೀಚರು ತಲೆದೂಗಲಿಲ್ಲ. ಚಾರ್ಟಿನ ಮೂಲೆಯಲ್ಲಿ ಅಂಟಿಸಿದ್ದ ಎರಡು ನಗುಮುಖದ ಸ್ಟಿಕ್ಕರುಗಳನ್ನು ನೋಡಿದರು.

"ಇದೆಂತ?"

"ಡಿಸೈನ್, ಟೀಚರ್."

ಅವರು ಉಗುರಿನಿಂದ ಕೆರೆದರು. ಟೀಚರು ಕೊಟ್ಟ ನಮೂನೆಯಲ್ಲಿ ಅಳತೆ ಬರೆಯಲೇಬೇಕಿತ್ತು, ಬರೆದು ಸ್ಟಿಕ್ಕರಿನಡಿ ಮುಚ್ಚಿಟ್ಟಿದ್ದ: ಜ್ಯೂಸು ಮುನ್ನೂರು ಎಂ.ಎಲ್., ಜೋಳ ಒಂದು ಚಮಚ.

"ಸಕ್ಕರೆ ಎಷ್ಟು ಹಾಕ್ತೀರಿ ನೀಲಕ್ಕ?"

ಟೀಚರ ಬೆನ್ನ ಹಿಂದೆ ತರುಣ್ ಎರಡು ಬೆರಳು ಸೇರಿಸಿ ಸೊನ್ನೆ ತೋರಿಸಿದ.

"ಮೂರು ಚಮಚ. ಇವನ ಕೈಯಲ್ಲಿ ಇರುವುದಕ್ಕೆ ನಾಲ್ಕು."

ಜಾಗ ಉನೈಸನಿಗೆ ಹೋಯಿತು. ತರುಣ್ ಚಾರ್ಟು ಸುತ್ತತೊಡಗಿದ. ನೀಲಾವತಿ ಮಾತ್ರ ಚೀಲದಿಂದ ಎರಡು ಮುಸಂಬಿ ತೆಗೆದು, ಹೆಚ್ಚಿ, ಕೈಯಲ್ಲೇ ಹಿಂಡಿದಳು. ಸಕ್ಕರೆ ಹಾಕಲಿಲ್ಲ, ಸೋಸಲೂ ಇಲ್ಲ. ಸಣ್ಣ ಲೋಟವನ್ನು ಟೀಚರ ಮುಂದಿಟ್ಟಳು.

"ಜಾಗಕ್ಕೆ ಅಲ್ಲ. ಇಷ್ಟು ಹೊತ್ತು ಇವನ ಮಾತು ಕೇಳಿದ್ದೀರಿ, ಬಾಯಾರಿರ್ತದೆ."

ಟೀಚರು ನಕ್ಕು ಕುಡಿದರು. ತುಟಿಗೆ ಅಂಟಿದ ತಿರುಳನ್ನು ಒರೆಸಿಕೊಳ್ಳುತ್ತ, "ಸಿ ವಿಟಮಿನ್ ಇದರಲ್ಲಿ ಜಾಸ್ತಿ, ನಾರು ಅದರಲ್ಲಿ ಜಾಸ್ತಿ. ಎಂತ ಮಾಡುವ?" ಎಂದರು, ತಮ್ಮಷ್ಟಕ್ಕೆ.

"ನನ್ನ ಸ್ಟವ್‌ಗೆ ಅರ್ಧ ಟೇಬಲ್ ಸಾಕು ಟೀಚರ್, ಉಳಿದದ್ದು ನೀಲಕ್ಕನಿಗಿರಲಿ," ಎಂದ ಉನೈಸ್. "ಆದರೆ ನೀಲಕ್ಕ, ಡಬ್ಬಿ ಓಪನ್ ಮಾಡ್ಲಿಕ್ಕೆ ನಿಮ್ಮ ಹೀರೋ ಬೇಕು."

ಕ್ರೀಡಾಕೂಟದ ಮೊದಲ ದಿನ ತರುಣ್ ಇಪ್ಪತ್ತೆರಡನೇ ಡಬ್ಬಿ ತೆರೆಯುತ್ತಿದ್ದಾಗ, ನೂರು ಮೀಟರ್ ಓಡಿ ಮುಗಿಸಿದ ಹುಡುಗಿಯೊಬ್ಬಳು ಬಂದು ಎರಡನ್ನೂ ತೆಗೆದುಕೊಂಡಳು. ಬೆಂಚಿನ ಮೇಲೆ ಕೂತು, ಕಪ್ಪಿನ ಜೋಳವನ್ನು ಪೂರ್ತಿ ಜ್ಯೂಸಿಗೆ ಸುರಿದು, ಚಮಚದಲ್ಲಿ ತಿರುಗಿಸತೊಡಗಿದಳು. ಟೇಬಲ್ಲಿನ ಹಿಂದೆ ಮೂವರೂ ಕೆಲಸ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತ ನಿಂತರು.